ಹದಿನೇಳನೆಯ ಗೂಡು

ಏಪ್ರಿಲ್ 9, ಮಂಗಳವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಠಾಣೆಯ ಚರಿತ್ರೆಯಲ್ಲಿ ಬರೆದಿಡಬೇಕಾದ ಘಟನೆಯೊಂದು ನಡೆಯಿತು: ಆಟದ ದಾಳದಷ್ಟು ದೊಡ್ಡ ವಸ್ತುವೊಂದು ಕಾಣೆಯಾಗಿದೆಯೆಂದು ದೂರು ಬಂತು. ಹಿಂದಿನ ವಾರ ಇಡೀ ಲಾರಿಯೊಂದು ಕಾಣೆಯಾದಾಗ ಒಬ್ಬ ಪೇದೆಯನ್ನು ಕಳಿಸಿ ಕೈತೊಳೆದುಕೊಂಡಿದ್ದ ಇನ್ಸ್‌ಪೆಕ್ಟರು ಈ ದಾಳಕ್ಕೆ ತಾವೇ ಜೀಪು ಹತ್ತಿದರು.

ದೂರುದಾರರು ಆಸ್ಪತ್ರೆಯ ಮೂಳೆ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರು.

"ಏನು ಕಳುವಾಗಿದೆ?"

"ಒಂದು ಮೂಳೆ ಕಸಿ."

"ಬೆಲೆ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಬಡಗಿ ಹೇಳಿದ: "ಅದು ನನ್ನ ತಂಗಿ ಕಾಲು, ಸರ್."

ತಂಗಿ ಟಪಾಲು ಹಂಚುವವಳು, ಊರಿಗೆಲ್ಲ ಅಂಚೆಯಕ್ಕ. ಎರಡು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಮುರಿದ ಮೊಣಕಾಲ ಕೆಳಗಿನ ಮೂಳೆ ಮೂರು ಶಸ್ತ್ರಚಿಕಿತ್ಸೆಗೂ ಕೂಡಿರಲಿಲ್ಲ. ಅವಳದೇ ಸೊಂಟದ ಮೂಳೆಯಿಂದ, ಹೊಸ ಮೂಳೆ ಕಟ್ಟಬಲ್ಲ ಕಾಂಡಕೋಶಗಳನ್ನು ತೆಗೆದು, ಬೆಳೆಸಿ, ಸ್ಪಂಜಿನಂಥ ಚೂರೊಂದರಲ್ಲಿ ಬಿತ್ತಿ, ಹೆಪ್ಪುಗಟ್ಟಿಸಿ ಇಟ್ಟಿದ್ದರು. ನಾಲ್ಕನೆಯ ಶಸ್ತ್ರಚಿಕಿತ್ಸೆ ಗುರುವಾರ. ಅದೂ ಕೈಕೊಟ್ಟರೆ ಕಾಲು ತೆಗೆಯಬೇಕು.

"ಇನ್ನೊಂದು ಮಾಡೋಕಾಗಲ್ವಾ?"

"ಒಂದು ನಳಿಕೆ ಮೀಸಲು ಕೋಶ ಉಳಿದಿದೆ. ಅದೇ ಕೊನೇದು. ಮೊದಲನೇದು ಯಾರ ಕೈಗೆ ಹೋಯ್ತು, ಯಾಕೆ ಹೋಯ್ತು ಅಂತ ತಿಳೀದೆ ಅದನ್ನ ಮುಟ್ಟೋಕೆ ಭಯ."

ಹತ್ತೂ ಐದಕ್ಕೆ ಎಫ್‌ಐಆರ್. ಹನ್ನೊಂದಕ್ಕೆ ಸ್ಥಳ ಪಂಚನಾಮೆ.

ಕಸಿಗಳನ್ನಿಡುವ ದ್ರವ ಸಾರಜನಕದ ತೊಟ್ಟಿಯ ಮುಚ್ಚಳ ಎತ್ತಿದಾಗ ಬಿಳಿ ಹಬೆ ಮೇಲೇಳಲಿಲ್ಲ. ಅಂಚು ದಾಟಿ ಕೆಳಗೆ ಹರಿದು, ನೆಲದ ಮೇಲೆ ತೆವಳಿ, ಎಲ್ಲರ ಬೂಟು ಮುಚ್ಚಿತು.

"ಎಷ್ಟು ತಣ್ಣಗಿದೆ?"

"ಸೊನ್ನೆಗಿಂತ ನೂರಾ ತೊಂಬತ್ತು ಡಿಗ್ರಿ ಕೆಳಗೆ."

"ಅಲ್ಲಿ ಕೋಶಗಳು ಬದುಕಿರ್ತಾವಾ?"

"ಬದುಕೂ ಇಲ್ಲ, ಸಾವೂ ಇಲ್ಲ ಸರ್. ಕಾಯ್ತಾ ಇರ್ತಾವೆ. ಇಪ್ಪತ್ತು ವರ್ಷ ಬೇಕಾದ್ರೂ."

ಪಂಚರಲ್ಲೊಬ್ಬನಾದ ಲಿಫ್ಟಿನವನು ಟೋಪಿ ತೆಗೆದ. ಇನ್ಸ್‌ಪೆಕ್ಟರೂ ತೆಗೆದು, ಯಾರಾದರೂ ನೋಡಿದರೇನೋ ಎಂದು ಬೆವರಿಲ್ಲದ ಹಣೆ ಒರೆಸಿಕೊಂಡರು.

ಅಂಚೆಯಕ್ಕನ ಕಸಿಯಿದ್ದ ಹದಿನೇಳನೆಯ ಗೂಡು ಖಾಲಿ. ಬೀಗ ಸರಿಯಾಗಿತ್ತು. ಕೀಲಿ ಇಬ್ಬರ ಬಳಿ: ಡಾಕ್ಟರು ಮತ್ತು ಹಿರಿಯ ತಂತ್ರಜ್ಞೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ನಿಮಿಷವೂ ತಪ್ಪದ ಆಕೆಗೆ ಅಲ್ಲಿಯವರಿಟ್ಟ ಹೆಸರು ಗಡಿಯಾರಮ್ಮ.

"ಹೆಪ್ಪುಗಟ್ಟಿಸೋದು ಹೇಗಮ್ಮಾ?" ಇನ್ಸ್‌ಪೆಕ್ಟರು ಕೇಳಿದರು.

"ನಿಮಿಷಕ್ಕೆ ಒಂದೇ ಡಿಗ್ರಿ ಇಳಿಸ್ಬೇಕು. ಅವಸರ ಮಾಡಿದ್ರೆ ಕೋಶದ ಒಳಗೇ ಹರಳು ಕಟ್ಟಿ ಒಡೆದುಹೋಗತ್ತೆ. ಮೈನಸ್ ಎಂಬತ್ತು ಮುಟ್ಟಿದ ಮೇಲೇ ಈ ತೊಟ್ಟಿಗೆ." ಪಾಠ ಒಪ್ಪಿಸಿದಂತೆ ಹೇಳಿ ಆಕೆ ಕಿಟಕಿಯತ್ತ ನೋಡಿದಳು.

ಬುಧವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ, ಠಾಣೆಯಲ್ಲಿ ಭೂತಗನ್ನಡಿ ಎಂದೇ ಹೆಸರಾದ ಮಹಿಳಾ ಪೇದೆ ಪ್ರಯೋಗಾಲಯದಲ್ಲೇ ಕೂತು ಓದುತ್ತಿದ್ದ ಕಡತದಿಂದ ತಲೆಯೆತ್ತಿದಳು.

"ಸರ್, ಹದಿನಾರು, ಹದಿನೇಳು. ಅವಳಿ ಮಕ್ಕಳು."

ತಣಿಸುವ ಯಂತ್ರ ಪ್ರತಿ ಕಸಿಗೂ ಒಂದು ಗೆರೆ ಬರೆದುಕೊಡುತ್ತದೆ. ಇಳಿಯುತ್ತಿದ್ದ ಗೆರೆ ಒಂದೆಡೆ ಚಂಗನೆ ಮೇಲೆ ಹಾರಿ ಮತ್ತೆ ಇಳಿದಿತ್ತು. ಎರಡು ಹಾಳೆಯಲ್ಲೂ ಒಂದೇ ಕಡೆ, ಒಂದೇ ಎತ್ತರಕ್ಕೆ.

"ಹೆಪ್ಪುಗಟ್ಟೋ ಗಳಿಗೇಲಿ ನೀರು ಒಳಗಿನ ಶಾಖ ಬಿಟ್ಟುಕೊಡತ್ತೆ," ಎಂದರು ಡಾಕ್ಟರು. "ಅದೇ ಆ ಜಿಗಿತ. ಎರಡು ಕಸಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ ಹಾರೋದು ಸಾಧ್ಯವೇ ಇಲ್ಲ."

ಇಪ್ಪತ್ತೆಂಟು ವರ್ಷ ಮನುಷ್ಯರ ಹೆಬ್ಬೆಟ್ಟನ್ನಷ್ಟೇ ನಂಬಿದ್ದ ಇನ್ಸ್‌ಪೆಕ್ಟರು ಆ ಗೆರೆಯ ಮೇಲೆ ಬೆರಳಾಡಿಸಿದರು. ಮಂಜುಗಡ್ಡೆಗೂ ಹೆಬ್ಬೆಟ್ಟಿದೆ!

ಯಂತ್ರದ ಒಳಗಿನ ದಾಖಲೆ ತೆಗೆಸಿದರು. ಮಾರ್ಚ್ 14, ಹನ್ನೆರಡೂ ಇಪ್ಪತ್ತಕ್ಕೆ ಕರೆಂಟು ಹೋಗಿತ್ತು. ಹದಿನೇಳನೆಯ ಕಸಿ ಮೈನಸ್ ಹನ್ನೆರಡಕ್ಕೇ ನಿಂತಿತ್ತು.

ಐದೂ ಕಾಲಿಗೆ ಗಡಿಯಾರಮ್ಮನ ಮೇಜಿನ ಮುಂದೆ ಕೂತರು.

"ಮೈನಸ್ ಹನ್ನೆರಡು. ಗೊತ್ತಿತ್ತಾ?"

"ಅವತ್ತು ಗೊತ್ತಿರ್ಲಿಲ್ಲ. ಯಂತ್ರ ಸುಮ್ಮನಿತ್ತು, ಮುಗೀತು ಅಂದ್ಕೊಂಡು ತೊಟ್ಟಿಗಿಳಿಸ್ದೆ. ಹೋದ ಶುಕ್ರವಾರ ಕಡತ ಬಿಚ್ಚಿದಾಗ ಕಂಡಿತು. ಹದಿನಾರರ ನಕಲು ತೆಗೆದು ಅಂಟಿಸ್ದೆ."

"ಡಾಕ್ಟರಿಗೆ ಹೇಳ್ಬಹುದಿತ್ತಲ್ಲ?"

"ಗೆರೆ ನೋಡ್ದೆ ಮುಗೀತು ಅಂದವರನ್ನ ಅಳೋ ಹಾಗೆ ಬೈದವಳು ನಾನು. ಇಲ್ಲಿರೋ ಹನ್ನೊಂದು ಜನಕ್ಕೂ ನಾನೇ ಕಲಿಸಿದ್ದು."

"ಮತ್ತೆ ಕದ್ದಿದ್ದು?"

"ಸತ್ತ ಚೂರನ್ನ ಅಂಚೆಯಕ್ಕನ ಕಾಲಿಗೆ ಹಾಕಿಬಿಡ್ತಿದ್ರಲ್ಲ ಸರ್. ಬಾಯಿ ಬಿಡೋ ಧೈರ್ಯ ಇರ್ಲಿಲ್ಲ. ಸೋಮವಾರ ಸಂಜೆ ತೆಗೆದುಬಿಟ್ಟೆ."

ಆಕೆಯೇ ಸೆಳೆಖಾನೆ ಎಳೆದಳು. ಕರವಸ್ತ್ರದಲ್ಲಿ ಸುತ್ತಿದ ಗಾಜಿನ ಶೀಶೆ. ಒಳಗೆ ಆ ಚೂರು. ಎಸೆಯಲು ಕೈಬಂದಿರಲಿಲ್ಲ. ಐದೂ ಐವತ್ತಕ್ಕೆ ಪಂಚರ ಸಮಕ್ಷಮ ಜಪ್ತಿ, ಆರೂ ಹತ್ತಕ್ಕೆ ಬಂಧನ. ಜೀಪು ಹತ್ತುವ ಮುನ್ನ ಆಕೆ ಡಾಕ್ಟರಿಗೆ ಹೇಳಿದ್ದು ಇಷ್ಟೇ: "ಮೀಸಲಿಂದು ಸರಿಯಾಗಿ ಇಳಿದಿದೆ. ಗೆರೆ ನೀವೇ ನೋಡಿ."

ಡಾಕ್ಟರು ನೋಡಿದರು. ಸರಿಯಾಗಿತ್ತು. ಶಸ್ತ್ರಚಿಕಿತ್ಸೆ ಮುಂದೂಡಿ, ಗುರುವಾರ ಆ ನಳಿಕೆಯನ್ನು ಬೆಚ್ಚನೆ ನೀರಿನಲ್ಲಿ ಎರಡು ನಿಮಿಷ ಕರಗಿಸಿದರು. ಶುಕ್ರವಾರ ಇನ್ಸ್‌ಪೆಕ್ಟರು, ಅಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ, ಡೈರಿಯಲ್ಲಿ 'ತನಿಖೆಗೆ ಅಗತ್ಯ' ಎಂದು ಬರೆದು ಹೋದರು. ಸೂಕ್ಷ್ಮದರ್ಶಕದಲ್ಲಿ ಕೋಶಗಳು ತೋಳು ಚಾಚಿ ತಳ ಹಿಡಿದುಕೊಂಡಿದ್ದವು. ನೋಡುತ್ತಿದ್ದಂತೆ ಒಂದು ದುಂಡಗಾಗಿ, ನಡುವೆ ಸಣ್ಣಗಾಗಿ, ಎರಡಾಯಿತು. ಉಸಿರು ಬಿಡುವುದು ಮರೆತಿದ್ದು ಅವರಿಗೆ ಆಮೇಲೆ ತಿಳಿಯಿತು.

ಬಡಗಿಯೂ ಬಗ್ಗಿ ನೋಡಿದ. "ಉಳಿ ಇಲ್ಲ, ಸುತ್ತಿಗೆ ಇಲ್ಲ. ಇವು ಮೂಳೆ ಕಟ್ತಾವಾ ಡಾಕ್ಟ್ರೇ? ನನಗೊಂದು ಕುರ್ಚಿಗೆ ವಾರ ಬೇಕು."

"ಇವಕ್ಕೆ ತಿಂಗಳುಗಟ್ಟಲೆ ಬೇಕಪ್ಪ."

"ಪರವಾಗಿಲ್ಲ, ಕೂಲಿ ಕೇಳಲ್ವಲ್ಲ," ಎಂದು ಅವನು ಕಣ್ಣೊರೆಸಿಕೊಂಡ.

ದೋಷಾರೋಪ ಪಟ್ಟಿಯಲ್ಲಿ ಪ್ರೇರಣೆಯ ಜಾಗ ಬಹಳ ಹೊತ್ತು ಖಾಲಿ ಉಳಿಯಿತು. ಕೊನೆಗೆ ಇನ್ಸ್‌ಪೆಕ್ಟರು ಬರೆದರು: 'ತಪ್ಪು ಒಪ್ಪಿಕೊಳ್ಳಲು ನಾಚಿಕೆ, ರೋಗಿಗೆ ಕೇಡಾಗಬಾರದೆಂಬ ಕಾಳಜಿ.'

ಹೊಸ ಕಸಿ ಇಪ್ಪತ್ತೊಂಬತ್ತು ದಿನದಲ್ಲಿ ಸಿದ್ಧವಾಯಿತು. ಶಸ್ತ್ರಚಿಕಿತ್ಸೆಯಾದ ಏಳನೆಯ ತಿಂಗಳು ಅಂಚೆಯಕ್ಕನ ಮೂಳೆ ಕೂಡಿತು.