ಒಂದನೇ ಕೊಕ್ಕೆ

ಆ ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಅಂಗಳದಲ್ಲಿದ್ದ ಜೀಪು ತನ್ನ ಅರ್ಧ ಮೈಯನ್ನು ಯಾರಿಗೋ ಎರವಲು ಕೊಟ್ಟು ನಿಂತಂತೆ ಕಾಣುತ್ತಿತ್ತು. ಎಂಟು ಇಪ್ಪತ್ತಕ್ಕೆ ಆ ಮಂಜಿನೊಳಗಿಂದ ಒಬ್ಬ ಹೆಂಗಸು ಬಂದಳು. ಸೆರಗಿನ ತುದಿಯಲ್ಲಿ ರಕ್ತವಿತ್ತು, ಅವಳದಲ್ಲ.

ಆಕೆ ಕಾರ್ಮಿಕ ಮಂಡಳಿಯ ಕಾರ್ಯದರ್ಶಿ. ಊರಿನ ಎಪ್ಪತ್ತು ಕಾರ್ಖಾನೆಗಳ ಕೆಲಸಗಾರರು ಸೇರಿ ಕಟ್ಟಿಕೊಂಡ ಮಂಡಳಿ ಅದು. ತಗಡು ಒತ್ತುವ ಕಾರ್ಖಾನೆಯಲ್ಲಿ ಬೆಳಿಗ್ಗೆ ಆರು ನಲವತ್ತಕ್ಕೆ ನಾಲ್ಕನೇ ಯಂತ್ರ ಒಬ್ಬ ಆಪರೇಟರನ ಬಲಗೈ ಮೇಲೆ ಇಳಿದಿತ್ತು.

"ಯಂತ್ರದ ಬಾಯಿಗೆ ಜಾಲರಿ ಬಾಗಿಲಿದೆ ಸಾರ್. ಬಾಗಿಲು ತೆರೆದ್ರೆ ಯಂತ್ರ ನಿಲ್ಲಬೇಕು. ಇವತ್ತು ನಿಲ್ಲಲಿಲ್ಲ. ಒಳಗಿನ ಸ್ವಿಚ್ಚನ್ನ ಯಾರೋ ತಂತಿಯಲ್ಲಿ ಕಟ್ಟಿದ್ದಾರೆ. ಶನಿವಾರ ಸಂಜೆ ನಾನೇ ನೋಡಿ, ಸರಿಯಿದೆ ಅಂತ ಸಹಿ ಹಾಕಿದ್ದೆ."

"ಹಾಗಾದ್ರೆ ಮೊದಲ ಬೆರಳು ನಿಮ್ಮ ಕಡೆಗೇ ತಿರುಗುತ್ತೆ," ಎಂದರು ಇನ್‌ಸ್ಪೆಕ್ಟರ್.

"ತಿರುಗಲಿ ಸಾರ್. ಆದ್ರೆ ಗುರುವಾರ ಲೇಬರ್ ಆಫೀಸಲ್ಲಿ ವಿಚಾರಣೆ ಇದೆ. ಮಂಡಳಿಯ ಈ ಸುರಕ್ಷತೆ ನಿಯಮ ಎಪ್ಪತ್ತೂ ಕಾರ್ಖಾನೆಗೆ ಕಡ್ಡಾಯ ಆಗಬೇಕೋ ಬೇಡವೋ ಅಂತ ಅವತ್ತೇ ತೀರ್ಮಾನ. ನಿಯಮ ಇದ್ದೂ ಕೈ ಹೋಯ್ತು ಅಂತ ಮಾಲೀಕರು ಒಂದು ಮಾತು ಹೇಳಿದ್ರೆ ಸಾಕು, ಎಲ್ಲಾ ನೀರಲ್ಲಿ ಹೋಮ."

ಎಂಟು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು. ಕಾನ್‌ಸ್ಟೇಬಲನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ತಗ್ಗಿಸಿ, ಜಗತ್ತಿಗೇ ನಮಸ್ಕರಿಸುವವನಂತೆ ನಡೆಯುವುದು ಅವನಿಗೆ ರೂಢಿಯಾಗಿತ್ತು.

ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ನಡೆಯಿತು. ತಂತಿಯ ತುಂಡು ಒಂದು, ಉದ್ದ ಹದಿನೆಂಟು ಸೆಂಟಿಮೀಟರ್. ಐದು ಸುತ್ತು, ಅಚ್ಚುಕಟ್ಟಾಗಿ ಸುತ್ತಿದ್ದು. ತುದಿ ಯಾರಿಗೂ ಚುಚ್ಚದಂತೆ ಒಳಕ್ಕೆ ಮಡಚಿತ್ತು.

"ಕೇಡು ಮಾಡಿದವನು ತುದಿ ಯಾಕೆ ಮಡಚ್ತಾನೆ ಸಾರ್?" ಎಂದ ಉದ್ದಣ್ಣ.

ಇನ್‌ಸ್ಪೆಕ್ಟರ್ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು.

ಮೊದಲ ಅನುಮಾನ ಮ್ಯಾನೇಜರ್ ಮೇಲೆ. ನಿಯಮ ಬಿದ್ದುಹೋದರೆ ಲಾಭ ಅವರ ಕಡೆಗೆ. ಕೆಲಸವನ್ನು ಎಂಟು ಗಂಟೆಯ ಬದಲು ಆರೂವರೆಗೇ ಶುರುಮಾಡಿಸಿದ್ದೂ ಅವರೇ.

"ಅರ್ಜೆಂಟ್ ಆರ್ಡರ್ ಇತ್ತು ಸಾರ್. ಭಾನುವಾರ ಸಂಜೆ ಫೋನ್ ಮಾಡಿ ನಾಲ್ಕು ಜನರನ್ನ ಕರೆಸಿದೆ."

"ಭಾನುವಾರ ನೀವೆಲ್ಲಿದ್ರಿ?"

"ಅತ್ತೆ ಮನೇಲಿ. ಬೇಕಾದ್ರೆ ಅವರನ್ನೇ ಕೇಳಿ, ನಾನು ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ ಅಂತ. ಆ ಯಂತ್ರದ ಹತ್ರ ಹೋಗಿ ಆರು ತಿಂಗಳಾಯ್ತು ಸಾರ್. ಹೋದ್ರೆ ಅಂಗಿ ಕೊಳೆಯಾಗುತ್ತೆ."

ಅಂಗಿ ನಿಜಕ್ಕೂ ಹಾಲಿನಂತಿತ್ತು. ಅತ್ತೆಯೂ ಅಳಿಯನ ಮಾತನ್ನು ಒಪ್ಪಿದರು, ಒಲ್ಲದ ಮನಸ್ಸಿನಿಂದ.

ಗೇಟಿನ ಬಳಿ ಗೋಡೆಗೆ ಒಂದು ಹಲಗೆ. ಅದರಲ್ಲಿ ನಂಬರು ಬರೆದ ಮೂವತ್ತು ಕೊಕ್ಕೆಗಳು, ಕೊಕ್ಕೆಗೊಂದು ಬೀಗ. ವಾಚ್‌ಮನ್ ತಾತ ವಿವರಿಸಿದರು.

"ಯಂತ್ರದೊಳಗೆ ಕೈ ಹಾಕೋ ಮೊದಲು ಅವರವರ ಬೀಗ ತಗೊಂಡು ಕರೆಂಟಿನ ಸ್ವಿಚ್ಚಿಗೆ ಹಾಕ್ಬೇಕು. ಕೀಲಿ ಜೇಬಲ್ಲಿ. ಕೆಲಸ ಮುಗಿಸಿ ತಾವೇ ತೆಗೀಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಕೊಕ್ಕೆ ಖಾಲಿ ಇದ್ರೆ ಒಳಗೆ ಒಂದು ಜೀವ ಇದೆ ಅಂತ ಲೆಕ್ಕ. ಅದು ವಾಪಸ್ ಬರೋ ತನಕ ನಾನು ಟೀಗೂ ಹೋಗಲ್ಲ."

"ಭಾನುವಾರ ಯಾವ ಕೊಕ್ಕೆಯಾದ್ರೂ ಖಾಲಿ ಇತ್ತಾ ತಾತ?"

"ಇತ್ತು."

"ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಯಾರು ಬಂದ್ರು, ಯಾರು ಹೋದ್ರು ಅಂತ ಕೇಳಿದ್ರಿ. ಹೊಸಬರು ಯಾರೂ ಬರಲಿಲ್ಲ ಅಂದೆ. ದೊಡ್ಡ ಫಿಟ್ಟರು ಹೊಸಬರಾ?"

ತಾತನ ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲಿತ್ತು: ಭಾನುವಾರ. ಒಂದನೇ ಕೊಕ್ಕೆ ಖಾಲಿ, ಬೀಗ ನಾಲ್ಕನೇ ಯಂತ್ರಕ್ಕೆ, 3-35. ವಾಪಸ್, 3-50.

ದೊಡ್ಡ ಫಿಟ್ಟರು ಕಾರ್ಯದರ್ಶಿಯ ಗಂಡನ ಅಣ್ಣ. ಮಂಡಳಿ ಹುಟ್ಟಿದ ದಿನದಿಂದ ಅದರಲ್ಲಿದ್ದವರು. ಒಂದನೇ ನಂಬರು ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ.

ಮಧ್ಯಾಹ್ನ ಎರಡು ಹತ್ತಕ್ಕೆ ಮಂಡಳಿಯ ಕೋಣೆಯಲ್ಲಿ ಅವರು ಸಿಕ್ಕರು. ಬೆಳಿಗ್ಗೆಯಿಂದ ಅನ್ನ ಮುಟ್ಟಿರಲಿಲ್ಲ. ಮುರಿದ ಬೆಂಚಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದರು.

"ಭಾನುವಾರ ಮೂರೂವರೆಗೆ ಎಲ್ಲಿದ್ರಿ?"

"ಕಾರ್ಖಾನೇಲಿ. ಎಣ್ಣೆ ಹಾಕೋಕೆ."

"ಯಾವ ಯಂತ್ರಕ್ಕೆ?"

"ಎರಡನೇದಕ್ಕೆ."

"ಬೀಗ ಯಾವುದಕ್ಕೆ ಹಾಕಿದ್ರಿ?"

ಸುತ್ತಿಗೆ ಅರ್ಧದಲ್ಲೇ ನಿಂತಿತು. ಫಿಟ್ಟರು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟರು.

"ತಾತ ಬರೆದಿಟ್ಟಿದ್ದಾನಾ?"

"ಬರೆದಿದ್ದಾರೆ."

"ಬರೀಬೇಕು ಅಂತ ಅವನಿಗೆ ಹೇಳಿಕೊಟ್ಟೋನು ನಾನೇ."

ಉದ್ದಣ್ಣನಿಗೆ ತಡೆಯಲಾಗಲಿಲ್ಲ. "ಅಲ್ಲ ಯಜಮಾನ್ರೇ, ಕೆಡಿಸೋ ಕೆಲಸಕ್ಕೂ ಬೀಗ ಹಾಕಿದ್ರಾ?"

"ಬೀಗ ಹಾಕದೆ ಒಳಗೆ ಹೋಗೋಕೆ ನನ್ನ ಕೈ ಒಪ್ಪಲ್ಲಪ್ಪ," ಎಂದು ಅವರು ತಮ್ಮ ಹತ್ತೂ ಬೆರಳುಗಳನ್ನು ನೋಡಿಕೊಂಡರು. ಅವು ಹತ್ತೂ ಇದ್ದವು.

ಹೇಳಿಕೆ ಬರೆಸಲು ನಲವತ್ತು ನಿಮಿಷ ಹಿಡಿಯಿತು. ಹನ್ನೊಂದು ವರ್ಷ ಅವರು ಸೈಕಲ್ಲಿನಲ್ಲಿ, ಬೆರಳು ಕಳೆದುಕೊಂಡವರ ಮನೆಮನೆಗೆ ಹೋಗಿದ್ದರು. ಪ್ರತಿಯೊಬ್ಬರ ಕೈಯನ್ನೂ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಹೇಗಾಯಿತೆಂದು ಕೆಳಗೆ ಬರೆದುಕೊಂಡಿದ್ದರು. ಮೂವತ್ತೊಂದು ಕೈ. ಆ ಹಾಳೆಗಳಿಂದಲೇ ಬೀಗದ ನಿಯಮ ಹುಟ್ಟಿದ್ದು, ಜಾಲರಿಯ ನಿಯಮವೂ. ಮನೆಯಲ್ಲಿ ಸುಮ್ಮನೆ ಕೂತ ತಮ್ಮನ ಹೆಂಡತಿಗೆ ಅದನ್ನೆಲ್ಲ ಕಲಿಸಿ ಮಂಡಳಿಗೆ ಕರೆತಂದವರೂ ಅವರೇ.

"ಅವಳು ಮಾತಾಡಿದ್ರೆ ಜನ ಕೇಳ್ತಾರೆ ಸಾರ್. ನಾನು ಮಾತಾಡಿದ್ರೆ ಕೆಮ್ಮು ಬರುತ್ತೆ. ಮೊದಮೊದಲು ಹೆಮ್ಮೆಯಾಗ್ತಿತ್ತು. ಆಮೇಲೆ ಎಲ್ಲಿ ಹೋದ್ರೂ 'ಅಕ್ಕ ಬಂದ್ರಾ, ಅಕ್ಕ ಏನಂದ್ರು'. ನನಗೆ ಮಾತ್ರ 'ಫಿಟ್ಟರೇ, ಆ ಕುರ್ಚಿ ಈ ಕಡೆ ಹಾಕಿ'. ಹೋದ ವರ್ಷ ನಿಯಮದ ಪುಸ್ತಕ ಅಚ್ಚಾಯ್ತು. ಬರೆದವರು ಅಂತ ಅವಳ ಹೆಸರು. ನಾನು ಹಿಂದಿನ ಪುಟಾನೂ ತಿರುಗಿಸಿ ನೋಡಿದೆ. ಪ್ರೆಸ್ಸಿನವನ ಹೆಸರಿತ್ತು."

"ಕೈ ಹೋಗಲಿ ಅಂತಾನೇ ಮಾಡಿದ್ರಾ?"

"ದೇವರಾಣೆ ಇಲ್ಲ. ಸೋಮವಾರ ಏಳೂವರೆಗೆ ಲೇಬರ್ ಆಫೀಸರು ನೋಡೋಕೆ ಬರೋರಿದ್ರು. ಕೆಲಸ ಶುರುವಾಗೋದು ಎಂಟಕ್ಕೆ. ಅವರ ಮುಂದೆ ಅವಳ ಸಹಿ ಸುಳ್ಳಾಗಬೇಕು, ಒಂದೇ ಒಂದು ಸಲ ತಲೆ ತಗ್ಗಿಸಬೇಕು ಅಂತ. ಆರೂವರೆಗೆ ಶುರುಮಾಡ್ತಾರೆ ಅಂತ ನನಗ್ಯಾರು ಹೇಳ್ತಾರೆ?"

ಮೂರು ಗಂಟೆಗೆ ಬಂಧಿಸಿದರು. ಇನ್‌ಸ್ಪೆಕ್ಟರ್ ದಿನಚರಿಯಲ್ಲಿ 'ಉದ್ದೇಶ: ಅಸೂಯೆ' ಎಂದಷ್ಟೇ ಬರೆದರು. ಪರರ ಕೈ ಉಳಿಸಲು ಹನ್ನೊಂದು ವರ್ಷ ತೇದ ಜೀವ ಅದು. ಅಂಥ ಹೃದಯದಲ್ಲೂ ಅಸೂಯೆಗೆ ಕೂರಲು ಒಂದು ಮೂಲೆ ಸಿಕ್ಕಿತ್ತು. ಭಗವಂತ ಯಾರ ಮನೆಯನ್ನೂ ಪೂರ್ತಿ ಗುಡಿಸಿ ಕೊಡುವುದಿಲ್ಲವೇನೋ.

ಮಂಗಳವಾರ ಹತ್ತು ಗಂಟೆಗೆ, ಫಿಟ್ಟರನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು, ಕಾರ್ಯದರ್ಶಿ ಠಾಣೆಗೆ ಬಂದಳು. ಜತೆಗೆ ಮಂಡಳಿಯ ವಕೀಲರು.

"ಬೇಡಮ್ಮ," ಎನ್ನುತ್ತಿದ್ದರು ವಕೀಲರು. "ಈಗ ನಿಯಮದ ಪುಸ್ತಕಕ್ಕೆ ಇವರ ಹೆಸರು ಹಾಕಿದ್ರೆ, ಬರೆದವನೇ ಮುರಿದ ಅಂತ ಗುರುವಾರ ಮಾಲೀಕರ ಕಡೆಯೋರು ನಗ್ತಾರೆ."

"ನಗಲಿ. ನಿಯಮ ಸೋಲಲಿಲ್ಲ, ಸ್ವಿಚ್ಚಿಗೆ ತಂತಿ ಕಟ್ಟಿದ್ರು ಅಂತ ಪಂಚನಾಮೆ ಹೇಳುತ್ತಲ್ಲ, ಅದು ಸಾಕು."

ಲಾಕಪ್ಪಿನ ಕಂಬಿಗಳ ಹಿಂದೆ ಕೂತಿದ್ದ ಭಾವ ತಲೆ ಎತ್ತದೆ ಕೇಳಿದರು, "ಅವನ ಕೈ?"

"ಎರಡು ಬೆರಳು ಹೋಯ್ತು ಭಾವ. ಅವನ ಹೆಂಡತಿಗೆ ನಾನೇ ಹೇಳಿದೆ."

ಅವರ ಭುಜ ಕುಸಿಯಿತು. ಅವಳು ಚೀಲದಿಂದ ವಿಚಾರಣೆಗೆ ಕೊಡಬೇಕಾದ ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ತನ್ನ ಹೆಸರಿನ ಮೇಲೆ ಗೀಟೆಳೆದು, ಮೇಲೆ ಅವರ ಹೆಸರನ್ನು ಶಾಯಿಯಲ್ಲಿ ಬಿಡಿಬಿಡಿಯಾಗಿ ಬರೆದಿದ್ದಳು.

"ನನ್ನ ಹೆಸರೊಂದೇ ಇರೋದನ್ನ ಅಚ್ಚಾದ ದಿನವೇ ನೋಡಿದ್ದೆ," ಎಂದಳು. "ಖುಷಿಯಾಗಿತ್ತು. ಅದಕ್ಕೇ ಸುಮ್ಮನಿದ್ದೆ."

ಇನ್‌ಸ್ಪೆಕ್ಟರ್ ಕೊಡಿ ಎಂಬಂತೆ ತಲೆಯಾಡಿಸಿದರು. ಅವಳು ಪುಸ್ತಕವನ್ನು ಕಂಬಿಗಳ ನಡುವೆ ಒಳಗೆ ಚಾಚಿದಳು. ಫಿಟ್ಟರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು.