ಕಂಡದ್ದನ್ನು ಹೇಳುತ್ತಾ ಓಡಿಸಿ

ಮೊದಲ ಕ್ಲಾಸಿನಲ್ಲೇ ಎಡವಟ್ಟಾಯಿತು. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಿ ಎಂದರು ಡ್ರೈವಿಂಗ್ ಮೇಷ್ಟ್ರು. ಅವಳು ಹೇಳುತ್ತಾ ಹೋದಳು. ಬೇಕರಿಯ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದಾರೆ. ಮೇಲಿನ ಮಹಡಿಯಲ್ಲಿ ಯಾರೋ ಕಂಬಳಿ ಒಣಹಾಕಿದ್ದಾರೆ. ಅಗೋ ಆ ಹೆಂಗಸಿನ ಚಪ್ಪಲಿ ಎಷ್ಟು ಚೆನ್ನಾಗಿದೆ. ಅಷ್ಟರಲ್ಲಿ ಕಾರು ತಾನಾಗಿಯೇ ನಿಂತುಬಿಟ್ಟಿತು. ತಾನಾಗಿ ನಿಲ್ಲಲು ಅದೇನು ಕುದುರೆಯೇ? ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು, ಅದರ ಮೇಲೆ ಮೇಷ್ಟ್ರ ಕಾಲಿತ್ತು. ಎದುರಿಗೆ ಕೆಂಪು ದೀಪ ಉರಿಯುತ್ತಿತ್ತು.

"ಚಪ್ಪಲಿ ನಾನೂ ನೋಡಿದೆ ಮೇಡಂ, ಚೆನ್ನಾಗೇ ಇತ್ತು," ಎಂದರು ಮೇಷ್ಟ್ರು. "ಸಿಗ್ನಲ್ ನೀವು ನೋಡ್ಲಿಲ್ಲ."

ಬೈದರೋ, ತಮಾಷೆ ಮಾಡಿದರೋ ಅವಳಿಗೆ ತಿಳಿಯಲಿಲ್ಲ. ಅವರ ತುಟಿಯ ಒಂದು ಮೂಲೆ ಮಾತ್ರ ಚೂರು ಅಲುಗಿದಂತಿತ್ತು. ಅದು ನಗುವೇ ಆಗಿದ್ದರೆ ಇನ್ನೊಂದು ಮೂಲೆಗೆ ಏನಾಗಿತ್ತು? ಮನೆಗೆ ಬಂದರೂ ಅದೇ ಯೋಚನೆ. ಅವತ್ತು ಹಿಡಿದ ಗೊಂದಲ ಅವಳನ್ನು ಬಹಳ ದಿನ ಬಿಡಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಫಿಸಿಯೋ. ಮೂಳೆ ಮುರಿದು ಮಲಗಿದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ರೋಗಿಗಳು ಫಿಸಿಯೋ, ಫಿಸಿಯೋ ಎಂದು ಕರೆದೂ ಕರೆದೂ ಈಗ ಮನೆಯಲ್ಲಿ ಅತ್ತಿಗೆಯ ಬಾಯಲ್ಲೂ ಅದೇ ಹೆಸರು. ಮಧ್ಯಾಹ್ನದ ಮೇಲೆ ಮನೆಮನೆಗೆ ಹೋಗಬೇಕು. ಮರಳು ತುಂಬಿದ ತೂಕದ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಇಳಿದು ಅವಳ ಹೆಗಲನ್ನೇ ಇನ್ನೊಬ್ಬ ಫಿಸಿಯೋಗೆ ತೋರಿಸುವ ಹಾಗಾಗಿತ್ತು. ಹಿಂದೆ ಬೇರೊಂದು ಕಡೆ ಕಲಿತು ಟೆಸ್ಟಿನಲ್ಲಿ ಫೇಲಾಗಿ, ಆಮೇಲೆ ಸೇರಿದ್ದು ಈ ಶಾಲೆಗೆ.

ಶಾಲೆ ಎಂದರೆ ಪೆಟ್ರೋಲ್ ಬಂಕಿನ ಪಕ್ಕದ ಒಂದೇ ಕೋಣೆ. ಗೋಡೆ ತುಂಬ ರಸ್ತೆಯ ಚಿಹ್ನೆಗಳು. ಮೇಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ವೃತ್ತ, ಯಾರು ಯಾರಿಗೆ ದಾರಿ ಬಿಡಬೇಕೆಂದು ತೋರಿಸಲು ನಾಲ್ಕಾರು ಆಟಿಕೆ ಕಾರು. ಶಾಲೆಯ ಯಜಮಾನತಿ ಮೇಷ್ಟ್ರಿಗೆ ದೊಡ್ಡಮ್ಮ. ಮೇಷ್ಟ್ರ ಬಾಯಿಂದ ಕೇಳಿ ಕೇಳಿ ಎಲ್ಲರಿಗೂ ದೊಡ್ಡಮ್ಮನೇ ಆಗಿದ್ದರು. ಅವರೂ ಕಲಿಸುತ್ತಿದ್ದರು. ಅವರ ವಿದ್ಯಾರ್ಥಿಗಳು ಕಾರಿಗಿಂತ ಅವರಿಗೇ ಹೆಚ್ಚು ಹೆದರುತ್ತಿದ್ದರು.

ಹೇಳುತ್ತಾ ಓಡಿಸುವ ಪಾಠದ ಗುಟ್ಟನ್ನು ಮೇಷ್ಟ್ರು ಎರಡನೇ ದಿನ ಬಿಡಿಸಿ ಹೇಳಿದರು. ಬಾಯಿ ಹೇಳಬೇಕಾದರೆ ಕಣ್ಣು ನೋಡಲೇಬೇಕು. ಆದರೆ ಹೇಳಬೇಕಾದದ್ದು ಬಣ್ಣವನ್ನಲ್ಲ, ಚಪ್ಪಲಿಯನ್ನಲ್ಲ. ಯಾವುದರಿಂದ ಅಪಾಯ ಬರಬಹುದು, ಅದಕ್ಕೆ ನೀವೇನು ಮಾಡುತ್ತೀರಿ ಎಂಬುದನ್ನು. ಒಂದು ಬಸ್ಸು ನಿಂತಿದ್ದರೆ ಅದರ ಮುಂದಿನಿಂದ ಯಾರಾದರೂ ನುಗ್ಗಬಹುದು ಎನ್ನಬೇಕು, ವೇಗ ಇಳಿಸುತ್ತಿದ್ದೇನೆ ಎನ್ನಬೇಕು, ಇಳಿಸಲೂಬೇಕು.

ಅವಳಿಗೆ ಇದು ಎಷ್ಟು ರೂಢಿಯಾಯಿತೆಂದರೆ, ಒಂದು ಬೆಳಿಗ್ಗೆ ಅಡುಗೆಮನೆಗೆ ಕಾಲಿಡುತ್ತಲೇ, "ಎಡಗಡೆ ಅತ್ತಿಗೆ, ಕೈಯಲ್ಲಿ ಬಿಸಿ ಪಾತ್ರೆ, ತಿರುಗಬಹುದು, ದಾರಿ ಬಿಡ್ತಿದ್ದೀನಿ," ಎಂದುಬಿಟ್ಟಳು. ಅತ್ತಿಗೆ ಪಾತ್ರೆ ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಜ್ವರವಲ್ಲದ ಇನ್ನೊಂದಿತ್ತು. ಕಾರಿನ ಮುಂದಿನ ಗಾಜಿಗೆ, ಎಲ್ಲ ಕಾರಿಗೂ ಇರುವ ಕನ್ನಡಿಯ ಪಕ್ಕದಲ್ಲಿ, ಅಂಗೈಯಗಲದ ಇನ್ನೊಂದು ಕನ್ನಡಿ ಅಂಟಿಸಿದ್ದರು. ಅವಳು ಯಾವಾಗ ಅತ್ತ ನೋಡಿದರೂ ಅದರಲ್ಲಿ ಮೇಷ್ಟ್ರ ಕಣ್ಣುಗಳಿರುತ್ತಿದ್ದವು. ಅವು ನೋಡುತ್ತಿದ್ದದ್ದು ರಸ್ತೆಯನ್ನಲ್ಲ, ಅವಳನ್ನು. ತಿರುವಿನಲ್ಲೂ ನೋಡುತ್ತಿದ್ದವು, ನಿಂತಾಗಲೂ ನೋಡುತ್ತಿದ್ದವು. ನೋಟ ಕೂಡಿದರೆ ಅವಳೇ ಕೆನ್ನೆ ಬಿಸಿ ಮಾಡಿಕೊಂಡು ಗೇರು ತಪ್ಪಿಸುತ್ತಿದ್ದಳು, ಮೇಷ್ಟ್ರು ಮಾತ್ರ ರೆಪ್ಪೆ ಬಡಿಯುತ್ತಿರಲಿಲ್ಲ.

ಅತ್ತಿಗೆಗೆ ಹೇಳಿದರೆ ಅವರು ಆಗಲೇ ಮದುವೆಯ ಸೀರೆಯ ಬಣ್ಣಕ್ಕೆ ಬಂದರು. ಗಂಡಸು ಕಣ್ಣು ಮಿಟುಕಿಸದೆ ನೋಡಿದರೆ ಅದಕ್ಕೆ ಒಂದೇ ಅರ್ಥ, ನಿಮ್ಮ ಅಣ್ಣನೂ ಹಾಗೇ ನೋಡುತ್ತಿದ್ದರು, ಈಗ ಪೇಪರ್ ನೋಡುತ್ತಾರೆ ಎಂದರು.

ಒಂದು ಸಂಜೆ ಕ್ಲಾಸು ಮುಗಿದಾಗ ಮೇಷ್ಟ್ರು ಸೀಟ್ ಬೆಲ್ಟ್ ಬಿಚ್ಚುತ್ತಾ, "ಇವತ್ತು ನಿಮ್ಮ ಕಣ್ಣು ಬಹಳ ಚೆನ್ನಾಗಿದ್ವು," ಎಂದರು.

ಅವಳು ಸ್ಟಿಯರಿಂಗನ್ನೇ ಸವರಿದಳು.

"ಪ್ರತಿ ತಿರುವಿಗೆ ಮೊದಲು ಕನ್ನಡಿಗೆ ಹೋಗಿ ಬಂದ್ವು. ನಾಳೆಯೂ ಹಾಗೇ ಇರಲಿ."

ಮರುದಿನ ದೊಡ್ಡಮ್ಮನ ಹತ್ತಿರ ಮೆಲ್ಲಗೆ ಕೇಳಿದಾಗ ವಿಷಯ ತಿಳಿಯಿತು. ಆ ಪುಟ್ಟ ಕನ್ನಡಿ ಇರುವುದೇ ಅದಕ್ಕಂತೆ. ಕಲಿಯುವವರ ಕಣ್ಣು ಎಲ್ಲಿ ಹೋಗುತ್ತದೆ, ಎಲ್ಲಿ ಹೋಗುವುದಿಲ್ಲ ಎಂದು ಕಾಯುತ್ತಿರಬೇಕಂತೆ. ಮೀಸೆಯ ಮುದುಕರೇ ಸ್ಟಿಯರಿಂಗ್ ಹಿಡಿದಿದ್ದರೂ ಮೇಷ್ಟ್ರು ಹಾಗೆಯೇ ನೋಡುತ್ತಾರಂತೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಅವಳ ಪಾಡು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ತನ್ನನ್ನೇ ಬೈದುಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಮೇಷ್ಟ್ರ ಕುತ್ತಿಗೆಯ ವಿಷಯ ಒಂದಿತ್ತಲ್ಲ. ವರ್ಷಗಟ್ಟಲೆ ಒಂದೇ ಕಡೆ ತಿರುಗಿ ಕೂತು ಅವರ ಕುತ್ತಿಗೆ ಬಿಗಿದುಹೋಗಿತ್ತು. ನೋಡಲಾರದೆ ಅವಳು ಒಂದು ವ್ಯಾಯಾಮ ಹೇಳಿಕೊಟ್ಟಳು: ಗದ್ದವನ್ನು ಮೆಲ್ಲಗೆ ಹೆಗಲಿಗೆ ತರಬೇಕು, ಉಸಿರು ಬಿಡಬೇಕು, ಮತ್ತೆ ನೇರ ಮಾಡಬೇಕು. ಮಾರನೆಯ ದಿನವೇ ಕೆಂಪು ದೀಪ ಬಿದ್ದಲ್ಲೆಲ್ಲ ಮೇಷ್ಟ್ರು ತೆಪ್ಪಗೆ ಗದ್ದ ತಿರುಗಿಸತೊಡಗಿದರು. ಮನೆಯಲ್ಲೂ ಮಾಡುತ್ತೇನೆ ಎಂದರು. ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡುವ ಒಬ್ಬ ಮನುಷ್ಯನನ್ನೂ ಅವಳು ತನ್ನ ವೃತ್ತಿಯಲ್ಲಿ ಈ ತನಕ ಕಂಡಿರಲಿಲ್ಲ. ಇದು ಪ್ರೀತಿಯೋ, ಕುತ್ತಿಗೆ ನೋವೋ? ಯಾರನ್ನು ಕೇಳುವುದು?

ಹೀಗೆ ತಲೆ ಕೆಡಿಸಿಕೊಂಡಿದ್ದಾಗಲೇ ಆಗಬಾರದ್ದು ಆಯಿತು. ಅಂದು ಮೇಷ್ಟ್ರು ತಿಳಿನೀಲಿ ಶರ್ಟು ಹಾಕಿಕೊಂಡು ಬಂದಿದ್ದರು. ಅವಳು ಎಂದಿನಂತೆ ಹೇಳುತ್ತಾ ಓಡಿಸುತ್ತಿದ್ದಳು.

"ಮುಂದೆ ಜೀಬ್ರಾ ಪಟ್ಟೆ. ತಾತ ಒಬ್ಬರು ಒಂದು ಕಾಲು ಕೆಳಗಿಟ್ಟಿದ್ದಾರೆ, ನಿಲ್ಲಿಸ್ತಿದ್ದೀನಿ. ಹಿಂದಿನ ಸ್ಕೂಟರ್‌ಗೆ ಅವಸರ, ಇರಲಿ. ತಾತ ದಾಟಿದ್ರು, ಹೊರಡ್ತಿದ್ದೀನಿ. ಎಡಗಡೆ ವ್ಯಾನ್ ನಿಂತಿದೆ. ಪಕ್ಕದಲ್ಲಿ ಮೇಷ್ಟ್ರು, ಹೊಸ ಶರ್ಟು. ಅತ್ತ ನೋಡಿದ್ರೆ ಮನಸ್ಸು ರಸ್ತೆ ಮೇಲೆ ನಿಲ್ಲಲ್ಲ, ನೋಡಬಾರದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನೇನು ಹೇಳಿದೆ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಎಡಗಡೆಯ ವ್ಯಾನು ಸಿಗ್ನಲ್ ಕೂಡ ಹಾಕದೆ ಕಾರಿನ ಮುಂದಕ್ಕೆ ನುಗ್ಗಿತು. ಅವಳೇ ಬ್ರೇಕ್ ಒತ್ತಿದಳು. ಕಾರು ವ್ಯಾನಿನ ಹಿಂಬದಿಗೆ ಒಂದು ಗೇಣು ಬಿಟ್ಟು ನಿಂತಿತು. ಏನೂ ಆಗಲಿಲ್ಲ. ಆದರೆ ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಕಾರು ಪಕ್ಕಕ್ಕೆ ಹಾಕಿಸಿ, ಜಾಗ ಬದಲಿಸಿಕೊಂಡು, ಶಾಲೆಯವರೆಗೂ ತಾವೇ ಓಡಿಸಿದರು.

ಮರುದಿನ ಪಕ್ಕದ ಸೀಟಿನಲ್ಲಿ ದೊಡ್ಡಮ್ಮ ಕೂತಿದ್ದರು. ಮೇಷ್ಟ್ರು ಎಲ್ಲಿ ಎಂದರೆ, "ಅವನೇ ಈ ಕ್ಲಾಸು ಬೇಡ ಅಂದ ಕಣಮ್ಮಾ," ಎಂದರು. ಯಾಕೆ ಎಂದರೆ, "ಅವನ ಕಾರಣ ಅವನಿಗೆ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಬೇಡ ಎಂದರಂತೆ. ಆ ಮಾತು ಬಿಸಿತುಪ್ಪದ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ತನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮೇಷ್ಟ್ರಾದರೂ ಪಕ್ಕದಲ್ಲಿರುತ್ತಿದ್ದರು ಎಂದು ರೋಗಿಗಳ ಮೊಣಕಾಲು ಮಡಿಸುವಾಗಲೂ ಅವಳಿಗೆ ಅನಿಸುತ್ತಿತ್ತು. ಶಾಲೆಯಲ್ಲಿ ಎದುರಾದರೆ ಮೇಷ್ಟ್ರು ತಲೆಬಾಗಿಸಿ ಸರಿದುಹೋಗುತ್ತಿದ್ದರು. ಆದರೆ ಅವಳು ಕಾರು ಹೊರಗೆ ತೆಗೆಯುವಾಗ ಕಿಟಕಿಯಲ್ಲಿ ನಿಂತಿರುತ್ತಿದ್ದರು. ಸಿಟ್ಟಾದವರು ಕಿಟಕಿಯಲ್ಲೇಕೆ ನಿಲ್ಲಬೇಕು? ಇಷ್ಟವಿದ್ದವರು ಕ್ಲಾಸನ್ನೇಕೆ ಬಿಡಬೇಕು? ಅತ್ತಿಗೆ ಗಂಡಸರೇ ಹೀಗೆ ಎಂದು ಮೊದಲು ಹೇಳಿದರು, ಎಲ್ಲ ಗಂಡಸರೂ ಹೀಗಲ್ಲ ಎಂದು ಆಮೇಲೆ ಹೇಳಿದರು.

ಟೆಸ್ಟಿನ ದಿನ ದೊಡ್ಡಮ್ಮನೇ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ಮಾತು ಕಡಿಮೆಯ ಹೆಂಗಸು. ತಿರುಗಿಸಿ, ನಿಲ್ಲಿಸಿ, ಹಿಂದಕ್ಕೆ ತೆಗೆಯಿರಿ, ಇಷ್ಟೇ. ಅವಳು ಎಲ್ಲಿಯೂ ಎಡವಲಿಲ್ಲ. ವೃತ್ತದಲ್ಲಿ ದಾರಿ ಬಿಟ್ಟಳು. ಮಕ್ಕಳ ಶಾಲೆಯ ಮುಂದೆ ವೇಗ ಇಳಿಸಿದಳು. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿದು ಹೊರಟಳು. ಕೊನೆಗೆ ಕಚೇರಿಯ ಮುಂದೆ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದಳು. ಇನ್ಸ್‌ಪೆಕ್ಟರ್ ಪೆನ್ನು ತೆಗೆದರು.

ಆಗ ರಸ್ತೆಯ ಆಚೆ ಗೇಟಿನ ಹತ್ತಿರ ಮೇಷ್ಟ್ರು ಕಂಡರು. ಅವತ್ತು ಅವರಿಗೆ ರಜೆ. ಯಾವ ವಿದ್ಯಾರ್ಥಿಯೂ ಜೊತೆಗಿರಲಿಲ್ಲ. ಬರಿಗೈಯಲ್ಲಿ ನಿಂತು ಅವಳ ಕಾರನ್ನೇ ನೋಡುತ್ತಿದ್ದರು.

ಅವಳ ತಲೆಯಲ್ಲಿ ಇನ್ನೇನೂ ಉಳಿಯಲಿಲ್ಲ. ಕೇಳಿಯೇಬಿಡಬೇಕು, ಈಗಲೇ ಕೇಳಬೇಕು ಎಂದು ಬೆಲ್ಟ್ ಬಿಚ್ಚಿ ಬಾಗಿಲನ್ನು ತಳ್ಳಿ ತೆರೆದಳು. ಹಿಂದೆ ನೋಡಲಿಲ್ಲ. ಹಿಂದಿನಿಂದ ಬರುತ್ತಿದ್ದ ಸೈಕಲ್ ಸವಾರ ಬಾಗಿಲಿಗೆ ಬಡಿಯುವುದನ್ನು ಹೇಗೋ ತಪ್ಪಿಸಿಕೊಂಡು, ಓಲಾಡಿ, ಕಾಲೂರಿ ನಿಂತ. ಅವಳನ್ನು ಕೆಕ್ಕರಿಸಿ ನೋಡಿ, ಗೊಣಗುತ್ತಾ ಹೋದ.

"ಕಾರು ನಿಂತ ತಕ್ಷಣ ಡ್ರೈವಿಂಗ್ ಮುಗೀತು ಅಂತ ಯಾರಮ್ಮ ಹೇಳಿದ್ದು?" ಎಂದರು ಇನ್ಸ್‌ಪೆಕ್ಟರ್. ಬರೆದದ್ದು ಫೇಲ್ ಎಂದೇ. ತಪ್ಪು ತನ್ನದೇ ಆಗಿದ್ದರಿಂದ ಅವಳು ವಾದಿಸಲಿಲ್ಲ.

ಈ ಸಲ ಎರಡೂ ಕಡೆ ನೋಡಿ ರಸ್ತೆ ದಾಟಿದಳು. ಮೇಷ್ಟ್ರು ಎಲ್ಲವನ್ನೂ ಕಂಡಿದ್ದರು. ಅವರ ಮುಖ ಅವಳ ಮುಖಕ್ಕಿಂತ ಬಾಡಿತ್ತು.

"ನನ್ನ ಕ್ಲಾಸು ಯಾಕೆ ಬಿಟ್ರಿ ಮೇಷ್ಟ್ರೇ?"

"ನೀವು ಪಾಸಾದ ಮೇಲೆ ಹೇಳೋಣ ಅಂತಿದ್ದೆ."

"ಪಾಸಾಗ್ಲಿಲ್ಲ."

"ಹಾಗಾದ್ರೆ ಮುಂದಿನ ಟೆಸ್ಟ್ ಆದ ಮೇಲೆ ಹೇಳ್ತೀನಿ."

ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ನೋಡಿ, ನನಗೆ ತಲೆ ಕೆಟ್ಟುಹೋಗಿದೆ, ನಿಮ್ಮ ಕಣ್ಣಿನ ಅರ್ಥ ಗೊತ್ತಾಗುವುದಿಲ್ಲ, ಮಾತಿನ ಅರ್ಥ ಗೊತ್ತಾಗುವುದಿಲ್ಲ, ಕಿಟಕಿಯಲ್ಲಿ ನಿಲ್ಲುವುದರ ಅರ್ಥ ಮೊದಲೇ ಗೊತ್ತಾಗುವುದಿಲ್ಲ, ಬೈಯುವುದಾದರೆ ಬೈದುಬಿಡಿ ಎಂದಳು.

ಮೇಷ್ಟ್ರು ರಸ್ತೆಯ ಕಡೆ ತಿರುಗಿದರು.

"ಅವತ್ತು ವ್ಯಾನ್ ನುಗ್ಗಿದಾಗ ನನ್ನ ಕಾಲು ಬ್ರೇಕ್ ಮೇಲೆ ಇರಲಿಲ್ಲ," ಎಂದರು. "ನೀವು ಹೇಳಿದ ಮಾತನ್ನ ಕೇಳ್ತಾ ಕೂತಿದ್ದೆ. ಇನ್ನೊಂದ್ಸಲ ಹೇಳ್ತಾರಾ ಅಂತ ಕಾಯ್ತಿದ್ದೆ. ಪಕ್ಕದಲ್ಲಿ ಕೂತವನಿಗೆ ಇರೋದು ಒಂದೇ ಕೆಲಸ ಮೇಡಂ. ಅದನ್ನೇ ಮರೆತೆ. ನಿಮಗೆ ಏನಾದ್ರೂ ಆಗಿದ್ರೆ ನಾನು ಬದುಕಿರ್ತಿರಲಿಲ್ಲ. ಅದಕ್ಕೇ ದೊಡ್ಡಮ್ಮನ್ನ ಕೂರಿಸಿದೆ."

"ಅದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ಕಲಿಯೋಕೆ ಬಂದವರಿಗೆ ಹೇಗೆ ಹೇಳ್ಲಿ? ಸ್ಟಿಯರಿಂಗ್ ಹಿಡಿದು ಕೂತವರು ಬೇಡ ಅಂತ ಎದ್ದು ಹೋಗೋಕಾಗಲ್ಲ. ಅಂಥ ಜಾಗದಲ್ಲಿ ಆಡೋ ಮಾತಲ್ಲ ಅದು."

ಇಷ್ಟು ದಿನ ತಾನು ನುಂಗಿಕೊಂಡ ಅವಮಾನವೆಲ್ಲ ಬೇರೆಯೇ ಏನೋ ಆಗಿತ್ತೆಂದು ತಿಳಿಯುತ್ತಾ ತಿಳಿಯುತ್ತಾ ಅವಳ ಕಣ್ಣು ತುಂಬಿ ಬಂತು. ಈ ಮನುಷ್ಯ ತನಗೆ ಬೇಕು ಎಂದು ಅವಳಿಗೆ ಅನಿಸಿತು. ಅದರಲ್ಲಿ ಗೊಂದಲವೇನೂ ಇರಲಿಲ್ಲ.

"ಈಗ ನಾನು ಕಾರಿನಲ್ಲಿಲ್ಲ," ಎಂದಳು. "ಫುಟ್‌ಪಾತ್ ಮೇಲೆ ನಿಂತಿದ್ದೀನಿ. ಬಸ್ ಸ್ಟಾಪ್ ಇಲ್ಲೇ ಇದೆ. ನನಗೆ ಬೇಡ ಅನಿಸಿದ್ರೆ ಹತ್ತಿ ಹೋಗ್ತೀನಿ."

ಬಸ್ಸು ಬಂತು. ಬಾಗಿಲು ತೆರೆಯಿತು. ಯಾರೋ ಇಳಿದರು, ಯಾರೋ ಹತ್ತಿದರು. ಕಂಡಕ್ಟರ್ ಅವಳ ಕಡೆ ಒಮ್ಮೆ ನೋಡಿದ. ಅವಳು ಕದಲಲಿಲ್ಲ. ಬಸ್ಸು ಹೊರಟುಹೋಯಿತು.

"ಹೋಗ್ಲಿಲ್ಲ ನೋಡಿ. ಈಗ ಹೇಳಿ."

"ನಿಮ್ಮನ್ನ ಪ್ರೀತಿಸ್ತೀನಿ ಮೇಡಂ," ಎಂದರು ಮೇಷ್ಟ್ರು.

"ಮೇಡಂ ಅನ್ನೋದನ್ನ ಬಿಡಿ," ಎಂದಳು ಅವಳು. "ನಾನೂ ಅಷ್ಟೇ."

ಲೈಸೆನ್ಸ್ ಆಗುವವರೆಗೆ ದೊಡ್ಡಮ್ಮನ ಹತ್ತಿರವೇ ಕಲಿಯುವುದೆಂದು ಇಬ್ಬರೂ ಒಪ್ಪಿಕೊಂಡರು. ದೊಡ್ಡಮ್ಮ ಆಗಲೇ ಕಾರು ತೆಗೆದುಕೊಂಡು, ಇವರ ಕಡೆ ತಿರುಗಿಯೂ ನೋಡದೆ ಹೊರಟುಹೋಗಿದ್ದರು. ಮುಂದಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಓಡಿಸುವ ಕೆಲಸ ಡ್ರೈವರನದು, ಬ್ರೇಕ್ ಒತ್ತುವ ಕೆಲಸವೂ ಅವನದೇ. ಮನೆ ಬರುವ ತನಕ ಮೇಷ್ಟ್ರು ಒಮ್ಮೆಯೂ ರಸ್ತೆ ನೋಡಲಿಲ್ಲ.