ಜೋಗಿಮಟ್ಟಿಯ ಕಂಬಳಿ

ಕಾಟಲಿಂಗಪ್ಪನಿಗೆ ಹಿರಿಯರೆಂದರೆ ಲೆಕ್ಕಕ್ಕಿಲ್ಲ ಎಂಬುದೇ ಪರಮೇಶ್ವರಪ್ಪನವರ ಹೊಟ್ಟೆಯೊಳಗಿನ ಉರಿ. ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡವರು ಅವರು. ನಿನ್ನೆ ಮೊನ್ನೆ ಬಂದ ಈ ಹುಡುಗ ಸಭೆಯಲ್ಲಿ ಅವರಿಗಿಂತ ಮುಂಚೆ ಬಾಯಿ ತೆರೆಯುತ್ತಿದ್ದ. ಒಂದು ಸಲವಾದರೂ "ಮೊದಲು ನೀವು ಸಾರ್" ಅಂದವನಲ್ಲ. ಈಗ ಇಬ್ಬರೂ ಮಿಲಿಮೀಟರ್ ತರಂಗದ ರೇಡಿಯೊ ಒಂದೊಂದನ್ನು ವಿನ್ಯಾಸ ಮಾಡಿದ್ದರು. ಮಾತು ಕಳಿಸುವುದಕ್ಕೂ ಹಿಡಿಯುವುದಕ್ಕೂ ಒಂದೇ ಪೆಟ್ಟಿಗೆ. ಅದರ ಜೀವವೆಲ್ಲ ರಾಗಿಕಾಳಿಗಿಂತ ಸಣ್ಣದಾದ ಒಂದು ಚಿಪ್. ಗೆದ್ದವರಿಗೆ ಹೊಸ ಚಿಪ್ ವಿಭಾಗದ ಮುಖ್ಯಸ್ಥನ ಕುರ್ಚಿ. ಸೋತರೆ ಪರಮೇಶ್ವರಪ್ಪನವರು ನಿವೃತ್ತಿಯವರೆಗೂ ಆ ಹುಡುಗನ ಕೈಕೆಳಗೆ ಇರಬೇಕು.

ಎಪ್ಪತ್ತೆಂಟರ ಬೇಸಿಗೆ. ಪರೀಕ್ಷೆಗೆ ದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೊಂದು ಪೆಟ್ಟಿಗೆ, ಕೆಳಗೆ ಹೊಳಲ್ಕೆರೆ ರಸ್ತೆಯ ಬದಿಯಲ್ಲಿ ಇನ್ನೊಂದು. ಮೇಲೆ ಇಬ್ಬರ ಪೆಟ್ಟಿಗೆಗೂ ಸರದಿಯಂತೆ ಜೋಡಿಸಲು ಇದ್ದುದು ತುತ್ತೂರಿಯಂಥ ಒಂದೇ ಆಂಟೆನಾ, ಗುಡ್ಡದ ಗಾಳಿ ಅದರೊಳಕ್ಕೆ ದೂಳು ತುಂಬುತ್ತಿತ್ತು. ಕಾಟಲಿಂಗಪ್ಪ ಹೊಸದುರ್ಗದ ಕಡೆಯ ಕುರಿಗಾರರ ಮನೆಯವನು. ಊರಿಂದ ಕರಿ ಕಂಬಳಿ ತಂದು ಅದರ ಮುಂದೆ ಪರದೆಯಂತೆ ಕಟ್ಟಿದ. ಒಣ ಉಣ್ಣೆಯನ್ನು ತರಂಗ ಸಲೀಸಾಗಿ ದಾಟುತ್ತದೆಂದು ಅಳೆದು ತೋರಿಸಿದಾಗ ಎಲ್ಲರೂ ಶಭಾಷ್ ಅಂದರು. ಪರಮೇಶ್ವರಪ್ಪನವರೂ ಅಂದರು. ನೀರಿನ ಮುಂದೆ ಆ ತರಂಗದ ಆಟ ನಡೆಯದೆಂಬುದು ಅವರಿಗೆ ಆಗಲೇ ನೆನಪಾಗಿತ್ತು.

ಒಂದು ಬಿಂದಿಗೆ ನೀರು ಸಾಕು. ಕರಿ ಕಂಬಳಿ ನೆನೆದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹುಡುಗನ ಪೆಟ್ಟಿಗೆ ಮೂಕವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ದುರ್ಗದ ಬಿಸಿಲೂ ಗಾಳಿಯೂ ಸೇರಿ ಕಂಬಳಿಯನ್ನು ಒಣಗಿಸಿಬಿಡುತ್ತವೆ. ಆಗ ಅವರ ಸರದಿ. ಕಿತ್ತ ತಂತಿಯಿಲ್ಲ, ಒಡೆದ ಬೀಗವಿಲ್ಲ, ಇದ್ದೊಂದು ಸಾಕ್ಷಿ ತಾನಾಗಿ ಆರಿಹೋಗುತ್ತದೆ. ಪ್ರವಾಸಿ ಮಂದಿರದ ಮಹಡಿಯ ಮೇಲೆ ಬೇರೆ ಕಂಬಳಿ ನೆನೆಸಿ ಅದನ್ನೂ ಪರೀಕ್ಷಿಸಿದರು. ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿ ಗರಿಗರಿಯಾಗಿತ್ತು. ಅವರಿಗೆ ತಮ್ಮ ಮೇಲೆ ತಮಗೇ ಪ್ರೀತಿ ಉಕ್ಕಿತು.

"ಬೆಳಿಗ್ಗೆ ಹುಡುಗನದೇ ಆಗಲಿ ಸಾರ್, ಹುರುಪಿನಲ್ಲಿದ್ದಾನೆ" ಎಂದು ನಿರ್ದೇಶಕ ಶಿವಕುಮಾರಪ್ಪನವರನ್ನು ಒಪ್ಪಿಸಿದರು.

"ನಿಮ್ಮದು ದೊಡ್ಡ ಮನಸ್ಸು" ಅಂದರು ನಿರ್ದೇಶಕರು.

ಪರೀಕ್ಷೆಯ ದಿನ ವಾಯುವಿಹಾರದ ನೆಪದಲ್ಲಿ ಎಲ್ಲರಿಗಿಂತ ಮುಂಚೆ ಗುಡ್ಡ ಹತ್ತಿದರು. ಕಂಬಳಿಗೆ ನೀರುಣಿಸಿದರು, ತೊಟ್ಟಿಕ್ಕದಂತೆ ಅಂಚು ಹಿಂಡಿದರು, ಕೆಳಗಿನ ಬಂಡೆಯನ್ನು ಟವೆಲಿನಿಂದ ಒರೆಸಿದರು. ಜೀಪು ಬಂದಾಗ ದೂರದಲ್ಲಿ ನಿಂತು ಕೋಟೆ ನೋಡುತ್ತಿದ್ದರು.

ಜೀಪಿನಿಂದ ನಿರ್ದೇಶಕರ ಹಿಂದೆ ಕಾಟಲಿಂಗಪ್ಪನೂ ಅವನ ತಾಯಿ ಜಯಕ್ಕನೂ ಇಳಿದರು. ಜಯಕ್ಕನ ಕೈಯಲ್ಲಿ ತೆಂಗಿನಕಾಯಿ, ಹೆಗಲ ಮೇಲೊಂದು ಕಂಬಳಿ. ಮಗ ಪೆಟ್ಟಿಗೆಯ ಹತ್ತಿರ ಹೋಗುವುದನ್ನು ಕಂಡು ಆಕೆ ತಡೆದಳು.

"ಏನಪ್ಪ, ಹಿರೇರು ಇಲ್ಲೇ ನಿಂತವ್ರೆ, ನೀನು ಮುಂದೆ ಕೈ ಹಾಕ್ತೀಯ? ಹೊಸ ಕೆಲ್ಸ ಐತೆ, ದೊಡ್ಡೋರ ಕೈಲೇ ಶುರುವಾಗ್ಲಿ."

ಕಾಟಲಿಂಗಪ್ಪ ನಾಚಿ ತಲೆ ತಗ್ಗಿಸಿದ. "ತಪ್ಪಾತು. ಮೊದಲು ನೀವು ಸಾರ್."

"ಬೇಡಪ್ಪ, ನಂದು ಮಧ್ಯಾಹ್ನ" ಎಂದು ಪರಮೇಶ್ವರಪ್ಪನವರು ಹಿಂದೆ ಸರಿದರು.

"ಆ ತಾಯಿ ಹೇಳೋದು ಸರಿ, ಮೊದಲು ನಿಮ್ಮದೇ ಇಡಿ" ಅಂದರು ನಿರ್ದೇಶಕರು. ಜಯಕ್ಕ ಹೆಗಲ ಕಂಬಳಿಯನ್ನು ಹಾಸಿ "ಕುಂತ್ಕಳ್ರಿ" ಅಂದಳು. ಕಂಬಳಿ ಹಾಸಿ ಹಿರಿಯರನ್ನು ಕೂರಿಸದೆ ಆ ಜನ ಯಾವ ಹೊಸ ಕೆಲಸಕ್ಕೂ ಕೈ ಹಾಕುವುದಿಲ್ಲ. ಗಾಳಿ, ಬಿಸಿಲು, ಉಣ್ಣೆ, ನೀರು ಎಲ್ಲವನ್ನೂ ಲೆಕ್ಕ ಹಾಕಿದ್ದ ಪರಮೇಶ್ವರಪ್ಪನವರು ತಮ್ಮ ವಯಸ್ಸೊಂದನ್ನು ಬಿಟ್ಟಿದ್ದರು. ಪರದೆ ಒದ್ದೆಯಾಗಿದೆ ಎನ್ನಬಹುದಿತ್ತು. ಆದರೆ ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಕಾಯಿ ಒಡೆದರು. ಸ್ವಿಚ್ ಒತ್ತಿದರು. ಕೆಳಗೆ ಹೊಳಲ್ಕೆರೆ ರಸ್ತೆಯಲ್ಲಿ, ಏನೂ ಕೇಳಿಸುತ್ತಿಲ್ಲವೆಂದು ಕೆಂಪು ಬಾವುಟ ಮೇಲೆದ್ದಿತು. ಗುಡ್ಡದ ಗಾಳಿ ಆಗಷ್ಟೇ ಜೋರಾಗತೊಡಗಿತ್ತು. ಕಾಟಲಿಂಗಪ್ಪ ನಿಜವಾಗಿ ನೊಂದುಕೊಂಡು ಅವರ ಪಕ್ಕ ಬಂದು ಕೂತ. "ಹೋಗ್ಲಿ ಬಿಡ್ರಿ ಸಾರ್. ಮಧ್ಯಾಹ್ನ ನಂದು ಇಟ್ಟು ನೋಡಾಣ."